8 ಮಿಲಿಮೀಟರಿನ ತೂತು: ಬಾಲಿಗಂಜ್ ಪದ್ಧತಿ

ಗೋಡೆಗೆ ತೂತು ಕೊರೆಯುವುದು ಒಂದು ಕೈಕೆಲಸ ಎಂಬ ತಪ್ಪು ತಿಳಿವಳಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಬೆಂಗಳೂರಿನಲ್ಲಿ ಯಾರಾದರೂ ಟಿ.ವಿ. ಕೊಂಡರೆ ಅಂಗಡಿಯ ಹುಡುಗ ಬರುತ್ತಾನೆ, ಚಪ್ಪಲಿ ಬಾಗಿಲಲ್ಲಿ ಬಿಡುತ್ತಾನೆ, ನಾಲ್ಕು ತೂತು ಕೊರೆದು ಬ್ರಾಕೆಟ್ಟು ಬಿಗಿದು, 'ಸಾರ್, ರೇಟಿಂಗ್ ಕೊಟ್ಬಿಡಿ' ಎಂದು ಹೊರಟುಬಿಡುತ್ತಾನೆ. ಗೋಡೆಯ ಹಿನ್ನೆಲೆ ಏನು, ಅದನ್ನು ಕಟ್ಟಿದ್ದು ಯಾವ ಗಾರೆಯಲ್ಲಿ, ಈ ತೂತಿನ ಬಗ್ಗೆ ಎದುರು ಮನೆಯವರ ನಿಲುವೇನು ಎಂದು ಯಾರೂ ಕೇಳುವುದಿಲ್ಲ. ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಇಂಥ ಅನಾಗರಿಕತೆಗೆ ಜಾಗವಿಲ್ಲ. ಇಲ್ಲಿ ತೂತು ಮೊದಲಿಗೆ ಒಂದು ವಿಚಾರ, ಆಮೇಲೆ ಚರ್ಚೆ, ಆಮೇಲೆ ಭಿನ್ನಾಭಿಪ್ರಾಯ. ಚಹಾ ಎರಡು ಸುತ್ತು ಮುಗಿದ ಮೇಲೆ, ಪುರುಸೊತ್ತಿದ್ದರೆ, ತೂತು.

ಬಾಲಿಗಂಜ್ ಪ್ಲೇಸಿಗೂ ಏಕ್‌ಡಾಲಿಯಾ ರಸ್ತೆಗೂ ನಡುವಿನ ಒಂದು ಗಲ್ಲಿಯ ಹಳೇ ಮನೆಯಲ್ಲಿ ಬಹುಕಾಲ ಬಾಡಿಗೆಗಿದ್ದು ಈ ಪದ್ಧತಿಯನ್ನು ಹತ್ತಿರದಿಂದ ಅಭ್ಯಾಸ ಮಾಡಿದವನು ನಾನು. ಈ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಏನೂ ಇಲ್ಲದಿರುವುದರಿಂದ ಬರೆಯುವ ಹೊಣೆ ನನ್ನ ಹೆಗಲಿಗೇ ಬಿದ್ದಿದೆ. ಡ್ರಿಲ್ಲಿಂಗ್ ಮಷೀನನ್ನು ನಾನು ಇದುವರೆಗೆ ಕೈಯಲ್ಲಿ ಹಿಡಿದಿಲ್ಲ. ಹಿಡಿದರೆ ತಜ್ಞತೆಗೆ ಧಕ್ಕೆ.

ರಂಧ್ರಶಾಸ್ತ್ರದಲ್ಲಿ 1911 ಮಹಾವರ್ಷ. ಆ ವರ್ಷ ಇಂಗ್ಲೆಂಡಿನಲ್ಲಿ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಕಟ್ಟಡ ಗುತ್ತಿಗೆದಾರ, ಗೋಡೆಯ ತೂತಿನೊಳಗೆ ಕೂತು ಸ್ಕ್ರೂವನ್ನು ಕಚ್ಚಿ ಹಿಡಿಯುವ ಪ್ಲಗ್ಗಿಗೆ ಪೇಟೆಂಟ್ ಅರ್ಜಿ ಹಾಕಿದ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಕೆಡದ ಹಾಗೆ ವಿದ್ಯುತ್ ಸಾಮಾನು ಕೂರಿಸಬೇಕಾಗಿತ್ತಂತೆ. ಅದಕ್ಕೂ ಮೊದಲು ಉಳಿಯಿಂದ ಗೋಡೆ ಕೆತ್ತಿ, ಮರದ ಗೂಟ ಬಡಿದು, ಸುತ್ತ ಗಾರೆ ಮೆತ್ತುತ್ತಿದ್ದರು. ರಾಲಿಂಗ್ಸನ ಪ್ಲಗ್ಗು ಸೆಣಬಿನ ನಾರಿನದು. ನಾರನ್ನು ಅಂಟಿನಲ್ಲೋ ಪ್ರಾಣಿಗಳ ರಕ್ತದಲ್ಲೋ ಅದ್ದಿ ಗಟ್ಟಿ ಮಾಡುತ್ತಿದ್ದರು. ಆ ಕಾಲಕ್ಕೆ ಜಗತ್ತಿನ ಸೆಣಬು ಎಂದರೆ ಬಂಗಾಳದ ಸೆಣಬು. ಹೂಗ್ಲಿ ದಂಡೆಯ ರಿಷ್ರಾದಲ್ಲಿ 1855ರಲ್ಲೇ ಗಿರಣಿ ಶುರುವಾಗಿತ್ತು. ಅಂದಮೇಲೆ ಇಂಗ್ಲೆಂಡಿನ ಗೋಡೆಗಳಲ್ಲಿ ದೀಪಗಳು ಬೀಳದೆ ನಿಂತದ್ದು ಬಂಗಾಳದ ಹೊಲದ ಬಲದಿಂದ. ಈ ಸಂಗತಿಯನ್ನು ಗಲ್ಲಿಯಲ್ಲಿ ಒಮ್ಮೆ ಹೇಳಿದ್ದೇ ತಡ, ಅಲ್ಲಿಯವರೆಗೆ 'ಮಹಡಿ ಮೇಲಿನ ಮದ್ರಾಸಿ'ಯಾಗಿದ್ದ ನಾನು ವಿದ್ವಾಂಸನಾದೆ.

ಅದೇ 1911ರ ಜುಲೈನಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಒಬ್ಬನನ್ನು ಬಿಟ್ಟರೆ ಮಿಕ್ಕವರೆಲ್ಲ ಬರಿಗಾಲಲ್ಲಿ ಆಡಿದ್ದರು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಬಿದ್ದ ಮೊದಲ ತೂತು ಅದೇ ಎಂಬುದು ಗಲ್ಲಿಯ ಒಂದು ಬಣದ ವಾದ. ಎದುರಾಳಿ ಈಸ್ಟ್ ಬೆಂಗಾಲ್ ತಂಡದ ಬಣ ಇದನ್ನು ಒಪ್ಪುವುದಿಲ್ಲ. ಡಿಸೆಂಬರಿನಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಘೋಷಣೆಯಾಯಿತು. ಕಲ್ಕತ್ತಾ ಇಂಪ್ರೂವ್‌ಮೆಂಟ್ ಕಾಯ್ದೆ ಬಂದದ್ದೂ ಅದೇ ವರ್ಷ. ಮರುವರ್ಷ ಹುಟ್ಟಿದ ಟ್ರಸ್ಟು ಮುಂದೆ ರಾಶ್‌ಬಿಹಾರಿ ಅವೆನ್ಯೂ ಹಾಕಿ, ಕೆರೆ ತೋಡಿಸಿ, ನಾವಿರುವ ದಕ್ಷಿಣ ಕಲ್ಕತ್ತೆಯನ್ನು ಬೆಳೆಸಿತು. ಇತ್ತ ಮೈಸೂರು ಸೀಮೆಯಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೂ 1911ರಲ್ಲೇ. ಒಂದೇ ವರ್ಷದಲ್ಲಿ ಪ್ಲಗ್ಗು, ಬಾಲಿಗಂಜ್, ಕನ್ನಂಬಾಡಿ ಮೂರೂ ಮೊಳೆತದ್ದು ಕಾಕತಾಳೀಯ ಎನ್ನುವವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಗೋಡೆಯ ವಿಚಾರಕ್ಕೆ ಬರೋಣ. ಬಂಗಾಳದ ಇಟ್ಟಿಗೆ 10 ಇಂಚು ಉದ್ದ, 5 ಇಂಚು ಅಗಲ, 3 ಇಂಚು ದಪ್ಪ. ನಮ್ಮೂರಿನ 9 ಇಂಚಿನ ಗೋಡೆಯ ಲೆಕ್ಕ ಹಿಡಿದು ಬಂದವನು ಇಲ್ಲಿ ಮೊದಲ ದಿನವೇ ಒಂದು ಇಂಚು ಹಿಂದೆ ಬೀಳುತ್ತಾನೆ. ಮಣ್ಣು ಹೂಗ್ಲಿಯದು: ಭರತದ ನೀರನ್ನು ದಂಡೆಯ ಗುಂಡಿಗಳಿಗೆ ಬಿಟ್ಟುಕೊಂಡು, ತಳಕ್ಕಿಳಿದ ಹೂಳನ್ನು ತೆಗೆದು ಅಚ್ಚು ಹಾಕಿ ಸುಡುತ್ತಾರೆ. ಹೀಗಾಗಿ ಬಾಲಿಗಂಜ್ ಎಂಬುದು ಲಂಬವಾಗಿ ನಿಲ್ಲಿಸಿದ ನದಿ. ಅದಕ್ಕೆ ತನ್ನ ಮೂಲ ಇನ್ನೂ ನೆನಪಿದೆ. ಮಳೆಗಾಲದಲ್ಲಿ ನೆಲಮಹಡಿಯ ಗೋಡೆಗಳು ಮೊಣಕಾಲೆತ್ತರದವರೆಗೆ ಒದ್ದೆಯಾಗಿ, ಉಪ್ಪು ಉಗುಳಿ, ಬಣ್ಣವನ್ನು ಹಪ್ಪಳದ ಹಾಗೆ ಎಬ್ಬಿಸುತ್ತವೆ. 'ನೋನಾ ಧೋರೇಛೆ' ಎನ್ನುತ್ತಾರೆ, ಉಪ್ಪು ಹಿಡಿದಿದೆ ಎಂದು. ಮಗನಿಗೆ ಐಐಟಿ ಸೀಟು ಸಿಗದ ದುಃಖದ ಪಕ್ಕದಲ್ಲೇ ಈ ದುಃಖಕ್ಕೂ ಜಾಗ.

ಇಟ್ಟಿಗೆಗಿಂತ ಮುಖ್ಯ ಅದನ್ನು ಹಿಡಿದಿರುವ ಗಾರೆ. ಹಳೆಯ ಮನೆಗಳಲ್ಲಿ ಅದು ಸುಣ್ಣ ಮತ್ತು ಸುರ್ಕಿ. ಕನ್ನಂಬಾಡಿ ಕಟ್ಟೆಯೂ ಸುರ್ಕಿ ಗಾರೆಯದೇ, ಸಿಮೆಂಟಿನದಲ್ಲ. 124.80 ಅಡಿ ನೀರನ್ನು ತಡೆದು ನಿಂತ ಗಾರೆಯೇ ನನ್ನ ಮಲಗುವ ಕೋಣೆಯಲ್ಲೂ ಇದೆ ಎಂದು ನಾನು ಹೆಮ್ಮೆಯಿಂದ ಹೇಳಿದಾಗ, ಕೆಳಮಹಡಿಯ ಮೇಶೋಮಶಾಯ್‌ಗೆ ಅದು ಹಿಡಿಸಲಿಲ್ಲ. ಅವರು ಫರಕ್ಕಾ ಬ್ಯಾರೇಜಿನಲ್ಲಿ ಇಂಜಿನಿಯರಾಗಿದ್ದವರು. ಎರಡು ಕಿಲೋಮೀಟರಿಗೂ ಉದ್ದದ ಆ ಕಟ್ಟಡ 1975ರಲ್ಲಿ ಗಂಗೆಯನ್ನು ಹೂಗ್ಲಿಯತ್ತ ತಿರುಗಿಸಿತು. ಬಂದರಿನ ಹೂಳು ಕೊಚ್ಚಿ ಹೋಗಲಿ ಎಂಬುದು ಉದ್ದೇಶ. ಹೂಳು ಹೋಯಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರ ಮುಂದೆ ಎತ್ತುವ ಹಾಗಿಲ್ಲ. ಗಂಗೆಗೆ ನೂರಕ್ಕೂ ಹೆಚ್ಚು ಗೇಟು ಹಾಕಿದವರ ಎದುರಿಗೆ ನನ್ನದು 8 ಮಿಲಿಮೀಟರಿನ ನಾಲ್ಕು ತೂತುಗಳ ಪ್ರಸ್ತಾವ.

ಪ್ರಸ್ತಾವದ ಅಗತ್ಯ ಹೀಗಿತ್ತು. ನನ್ನಲ್ಲಿ ಕಿಟ್ಟೆಲ್ ನಿಘಂಟಿನ ಪ್ರತಿ ಇದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಹೊರತಂದಿತು, 1,700ಕ್ಕೂ ಮೇಲ್ಪಟ್ಟ ಪುಟ. ಇದೇ ಮಿಷನ್ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಿತ್ತು. ಎರಡು ವಿಭಾಗಗಳ ನಡುವೆ ತೂಕದ ವಿಷಯದಲ್ಲಿ ಒಳ್ಳೆಯ ಹೊಂದಾಣಿಕೆ ಇದ್ದಿರಬೇಕು. ನಿಘಂಟು ನಮ್ಮ ಊಟದ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. "ಏನ್ರೀ, ಇದನ್ನ ಎಲ್ಲಾದರೂ ಮೇಲೆ ಇಡ್ತೀರಾ, ಇಲ್ಲಾ ಸಾರು ಇದರ ಮೇಲೇ ಬಡಿಸಲಾ?" ಎಂದು ಮನೆಯವಳು ಕೇಳಿದ್ದರಿಂದ ಗೋಡೆಗೆ ಒಂದು ಶೆಲ್ಫು ಬೇಕಾಯಿತು.

ಮೊದಲನೆಯದು ಅನುಮತಿ. ಬಾಲಿಗಂಜ್‌ನ ಹಳೇ ಮನೆಗೆ ಒಬ್ಬ ಮಾಲೀಕ ಇರುವುದಿಲ್ಲ, ಷರೀಕರು ಇರುತ್ತಾರೆ. ನಮ್ಮ ಮನೆಗೆ ಮೂವರು ಅಣ್ಣತಮ್ಮಂದಿರು. ದೊಡ್ಡವರು ಪಕ್ಕದಲ್ಲೇ, ನಡುವಿನವರು ಸಾಲ್ಟ್‌ಲೇಕಿನಲ್ಲಿ, ಕಿರಿಯವರು ನ್ಯೂಜೆರ್ಸಿಯಲ್ಲಿ. ನೆಲ ಪಾಲಾಗಿದೆ, ಗೋಡೆ ಪಾಲಾಗಿಲ್ಲ. ಪ್ರತಿ ಇಟ್ಟಿಗೆಯಲ್ಲೂ ಮೂರನೇ ಒಂದು ಭಾಗ ನ್ಯೂಜೆರ್ಸಿಯದು. 'ಕಿರಿಯವನ ಮನಸ್ಸು ನೋಯಬಾರದು, ಅವನು ಈ ಕೋಣೆಯಲ್ಲೇ ಮಾಧ್ಯಮಿಕ್ ಪರೀಕ್ಷೆಗೆ ಓದಿದ್ದು' ಎಂದರು ದೊಡ್ಡವರು. ಪತ್ರ ಬರೆದೆವು. ನ್ಯೂಜೆರ್ಸಿಯಿಂದ ಬಂದ ಉತ್ತರದಲ್ಲಿ ಆ ಗೋಡೆಯನ್ನು ತಾನು ಎಷ್ಟು ಪ್ರೀತಿಸುತ್ತೇನೆಂಬುದು ಎರಡು ಪುಟ ಇತ್ತು, ಒಪ್ಪಿಗೆ ಇರಲಿಲ್ಲ. ಪರಂಪರೆಯ ಪ್ರಜ್ಞೆ ಈ ಭಾಗದಲ್ಲಿ ಬಲವಾದದ್ದು. ಕಾದಂಬರಿಕಾರ ಅಮಿತ್ ಚೌಧುರಿ 2015ರಲ್ಲಿ ದಕ್ಷಿಣ ಕಲ್ಕತ್ತೆಯ ಇಂಥ ಮನೆಗಳನ್ನು ಉಳಿಸಬೇಕೆಂದು ಅಭಿಯಾನವನ್ನೇ ಶುರು ಮಾಡಿದರು: ಹಸಿರು ಪಟ್ಟಿಗಳ ಖೊಡ್‌ಖೊಡಿ ಕಿಟಕಿ, ಕೆಂಪು ನೆಲ, ಹರಟೆಗೆ ಕೂರುವ ರೋಯಾಕು. ನಮ್ಮ ಕಡೆ ಜಗಲಿ ಎನ್ನುತ್ತೇವಲ್ಲ, ಅದೇ. ಗಲ್ಲಿಯವರೆಲ್ಲ ಆ ಅಭಿಯಾನದ ಲೇಖನಗಳನ್ನು ಓದಿ ತಲೆದೂಗಿದ್ದರು. ನನ್ನ ಶೆಲ್ಫಿನ ಹೊತ್ತಿಗೆ ಆ ಪ್ರಜ್ಞೆ ಉತ್ತುಂಗದಲ್ಲಿತ್ತು.

ಕೊನೆಗೆ ದೊಡ್ಡವರು 'ಪ್ರಾಯೋಗಿಕವಾಗಿ' ಒಪ್ಪಿದರು. ಕೆಟ್ಟ ಪ್ರತಿ ಇಟ್ಟಿಗೆಯ ಬೆಲೆಯನ್ನು ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಷರತ್ತಿನ ಮೇಲೆ. ಈ ಷರತ್ತೇ ಶಾಸ್ತ್ರದ ಮೂಲಪ್ರಶ್ನೆಯನ್ನು ಎತ್ತಿತು: ಕೊರೆಯಬೇಕಾದ್ದು ಇಟ್ಟಿಗೆಗೋ, ಸಂದಿಗೋ?

ಇಲ್ಲಿ ಎರಡು ಪಂಥ. ಇಟ್ಟಿಗೆವಾದಿಗಳ ಪ್ರಕಾರ ಹಿಡಿತ ಸಿಗುವುದು ಇಟ್ಟಿಗೆಯಲ್ಲೇ. ಸುಣ್ಣದ ಸಂದು ಮೆತ್ತಗೆ, ಪ್ಲಗ್ಗು ಅರಳಿದರೆ ಉದುರುತ್ತದೆ. ಸಂದುವಾದಿಗಳ ಪ್ರಕಾರ ಇಟ್ಟಿಗೆ ಒಮ್ಮೆ ಸೀಳಿದರೆ ಸೀಳಿತು. ಸಂದಿಗೆ ಕೊರೆದರೆ ಮತ್ತೆ ಗಾರೆ ತುಂಬಿ ಕೈ ತೊಳೆದುಕೊಳ್ಳಬಹುದು. ಮೇಶೋಮಶಾಯ್ ಇಟ್ಟಿಗೆವಾದಿ. ಎದುರು ಮನೆಯ ನಿವೃತ್ತ ಇತಿಹಾಸ ಪ್ರೊಫೆಸರು ಸಂದುವಾದಿ. ಇತಿಹಾಸ ನಡೆಯುವುದೆಲ್ಲ ಸಂದುಗಳಲ್ಲೇ ಎಂಬುದು ಅವರ ಮತ. ಅಡಚಣೆ ಏನೆಂದರೆ ಇಟ್ಟಿಗೆ ಎಲ್ಲಿ, ಸಂದು ಎಲ್ಲಿ ಎಂದು ತಿಳಿಯುವ ದಾರಿಯಿಲ್ಲ. ಗೋಡೆಯ ಮೇಲೆ ಇಂಚು ದಪ್ಪದ ಪ್ಲಾಸ್ಟರು, ಅದರ ಮೇಲೆ ಎಷ್ಟೋ ಪೂಜೆಗಳ ಸುಣ್ಣಬಣ್ಣ. ಕೊರೆದಾಗ ಬರುವ ಪುಡಿಯ ಬಣ್ಣ ನೋಡುವುದು ಬೇರೆಡೆ ನಡೆಯುವ ಕ್ರಮ: ಬೂದು ಬಂದರೆ ಗಾರೆ, ಕೆಂಪು ಬಂದರೆ ಇಟ್ಟಿಗೆ. ಬಾಲಿಗಂಜ್‌ನಲ್ಲಿ ಆ ಕ್ರಮ ಕೈಕೊಡುತ್ತದೆ. ಸುರ್ಕಿ ಎಂದರೆ ಕುಟ್ಟಿದ ಇಟ್ಟಿಗೆಯೇ. ಸಂದಿಗೆ ಕೊರೆದರೂ ಕೆಂಪು, ಇಟ್ಟಿಗೆಗೆ ಕೊರೆದರೂ ಕೆಂಪು. ಯಾವ ಸಾಕ್ಷ್ಯದಿಂದಲೂ ಇತ್ಯರ್ಥವಾಗದ ಪ್ರಶ್ನೆಯೊಂದು ಸಿಕ್ಕಿದೆ ಎಂದು ಗೊತ್ತಾದಾಗ ಸಭೆಯ ಮುಖಗಳಲ್ಲಿ ಕಂಡ ಸಂತೋಷವನ್ನು ನಾನು ವರ್ಣಿಸಲಾರೆ. ಇನ್ನೊಂದು ಸುತ್ತು ಚಹಾ ಬಂತು.

ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ವಿಧಾನವನ್ನೂ ಪರಿಶೀಲಿಸಲಾಯಿತು. ಈ ಕಡೆಯವರ ಕಿವಿ ಸಣ್ಣದಲ್ಲ. ಡೋವರ್ ಲೇನ್ ಸಂಗೀತ ಸಮ್ಮೇಳನ 1952ರಲ್ಲಿ ಹುಟ್ಟಿದ್ದು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ. ಜನವರಿಯ ಚಳಿಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ರಾತ್ರಿಯಿಡೀ ಕೂತು ಕೇಳಿದವರು ಇವರು. ಮೇಶೋಮಶಾಯ್ ಅವರ ಹೆಂಡತಿ ಮಾಶಿಮಾ ಮೂರು ಕಡೆ ತಟ್ಟಿ, ಕಿಟಕಿಯ ಬಲಕ್ಕೆ ಗೋಡೆ ಕೋಮಲ ರಿಷಭದಲ್ಲಿದೆ, ಅಲ್ಲಿ ಟೊಳ್ಳು ಎಂದರು. ಕನ್ನಡಿಗನೆಂದರೆ ಭೀಮಸೇನ ಜೋಶಿಯವರ ಸೀಮೆಯವನು, ಆದ್ದರಿಂದ ಡ್ರಿಲ್ಲು ವಿಲಂಬಿತದಲ್ಲೇ ಶುರುವಾಗಬೇಕು ಎಂಬ ಠರಾವೂ ಆಯಿತು. ಇದೇ ಮಾಶಿಮಾ ನಾನು ಮೈಸೂರಿನವನೆಂದು ತಿಳಿದ ದಿನ 'ಓ, ಮಹಿಷಾಸುರನ ಊರು!' ಎಂದು ಕಣ್ಣರಳಿಸಿದ್ದರು. ಏಕ್‌ಡಾಲಿಯಾದ ಪೂಜಾ ಪೆಂಡಾಲಿನಲ್ಲಿ ಪ್ರತಿ ಶರತ್ಕಾಲದಲ್ಲೂ ನಮ್ಮೂರಿನವನ ಎದೆಗೆ ತ್ರಿಶೂಲ ಇಳಿಯುತ್ತದೆ, ಅದೂ ಲಕ್ಷಗಟ್ಟಲೆ ಜನರ ಎದುರಿಗೆ. ಆ ರಂಧ್ರಕ್ಕೆ ಯಾವ ಷರೀಕರ ಒಪ್ಪಿಗೆಯನ್ನೂ ಕೇಳಿದ್ದು ನನಗೆ ಗೊತ್ತಿಲ್ಲ.

ಸಮಯದ ಪ್ರಶ್ನೆ ಇನ್ನೂ ಸೂಕ್ಷ್ಮ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಡ್ರಿಲ್ಲು ಸಲೀಸಾಗಿ 90ರ ಆಸುಪಾಸಿಗೆ ಹೋಗುತ್ತದೆ. ಪಶ್ಚಿಮ ಬಂಗಾಳದಲ್ಲಿ ಬಹುಕಾಲ ಪಟಾಕಿಗಿದ್ದ ಮಿತಿ ಅದೇ. ಆದರೆ ಈ ನಿಯಮ ಬರೆದವರಿಗೆ ಭಾತ್‌ಘುಮ್ ಗೊತ್ತಿರಲಿಲ್ಲ. ಮಧ್ಯಾಹ್ನ ಅನ್ನ, ಮೀನಿನ ಝೋಲ್ ಆದ ಮೇಲೆ ಎರಡರಿಂದ ನಾಲ್ಕೂವರೆಯವರೆಗೆ ಬಾಲಿಗಂಜ್ ಮಲಗುತ್ತದೆ. ಬೆಳಗ್ಗೆ ಹತ್ತರವರೆಗೆ ಬಜಾರು, ಹನ್ನೊಂದಕ್ಕೆ ಸ್ನಾನ, ಸಂಜೆ ಆರಕ್ಕೆ ಶಂಖ, ಏಳಕ್ಕೆ ಧಾರಾವಾಹಿ. ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಕಾಲಾವಕಾಶ ಹನ್ನೊಂದೂಕಾಲರಿಂದ ಹನ್ನೆರಡು. ಅದೂ ಗುರುವಾರ ಬೇಡ, ಅದು ಲಕ್ಷ್ಮೀವಾರ.

ಕೊರೆಯುವವನ ವಿಷಯ ಸಂಕ್ಷಿಪ್ತ. ಅವನು ಮಿಸ್ತ್ರಿ. ಕ್ಯಾನಿಂಗ್ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದು ಬಾಲಿಗಂಜ್ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಡ್ರಿಲ್ಲಿನ ವೈರಿಗೆ ಪ್ಲಗ್ ಇರಲಿಲ್ಲ. ಎರಡು ತಂತಿಯ ತುದಿಯನ್ನು ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿದ. ಜರ್ದಾ ಡಬ್ಬಿ ತೆರೆದು ಪ್ಲಾಸ್ಟಿಕ್ ಪ್ಲಗ್ಗು ಆರಿಸಿದ. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ನೈಲಾನ್ ಪ್ಲಗ್ಗು ಕಂಡುಹಿಡಿದರೆಂದೂ, ಸಾವಿರಕ್ಕೂ ಮಿಕ್ಕಿ ಪೇಟೆಂಟ್ ಪಡೆದವರೆಂದೂ ನಾನು ಅವನಿಗೆ ವಿವರಿಸುತ್ತಿದ್ದಾಗ ಅವನು ಬಿಟ್ಟಿನ ಮೇಲೆ ಎರಡು ಇಂಚಿನ ಗುರುತಿಗೆ ಕರಿ ಟೇಪು ಸುತ್ತುತ್ತಿದ್ದ. ಗೋಡೆಗೆ ಒಂದು ಹಳೇ ಲಕೋಟೆಯನ್ನು ಬಾಯಿ ತೆರೆದು ಅಂಟಿಸಿದ, ಪುಡಿ ಬೀಳಲೆಂದು. ಸುತ್ತಿಗೆ ಹೊಡೆತದ ಗುಂಡಿಯನ್ನು ಬಂದ್ ಮಾಡಿ, ಬರೀ ತಿರುಗಣೆಯಲ್ಲಿ ಮೊದಲು 5 ಮಿಲಿಮೀಟರಿನ ಬಿಟ್ಟು, ಆಮೇಲೆ 8. ಹಳೇ ಇಟ್ಟಿಗೆಗೆ ಹೊಡೆತ ಕೊಟ್ಟರೆ ಬಾಯಿ ಬಿಡುತ್ತದೆ ಎಂದ. ಪ್ಲಗ್ಗು ಪ್ಲಾಸ್ಟರಿನಲ್ಲಿ ನಿಲ್ಲಬಾರದು, ಅದನ್ನು ದಾಟಿ ಒಳಗೆ ಹೋಗಬೇಕು ಎಂದ. ಸೈಕಲ್ ವಾಲ್ವ್ ಟ್ಯೂಬಿನ ತುಂಡೊಂದನ್ನು ತೂತಿಗಿಟ್ಟು, ಕಣ್ಣು ಮುಚ್ಚಿಕೊಂಡು ಊದಿ ಪುಡಿ ತೆಗೆದ. ಒಂದು ತೂತು ಸಡಿಲವಾಯಿತು. ಮೂಲೆಯಲ್ಲಿದ್ದ ಗೋಣಿಚೀಲದಿಂದ ಎಳೆ ಕಿತ್ತು ಪ್ಲಗ್ಗಿಗೆ ಸುತ್ತಿ ಬಡಿದ. ಅದು 1911ರ ರಾಲಿಂಗ್ಸ್ ಸಿದ್ಧಾಂತದ ಶುದ್ಧ ಪ್ರಯೋಗ ಎಂದು ನಾನು ಸಭೆಯ ಗಮನಕ್ಕೆ ತಂದೆ. ಇಡೀ ಕೆಲಸ ಮೇಶೋಮಶಾಯ್ ಕನ್ನಡಕ ಹುಡುಕಿ ತರುವಷ್ಟರಲ್ಲಿ ಮುಗಿದಿತ್ತು. ಅವನ ಬಳಿ ಸಿದ್ಧಾಂತವೇನೂ ಇಲ್ಲವಾದ್ದರಿಂದ ಶಾಸ್ತ್ರಕ್ಕೆ ಇದರಿಂದ ಹೆಚ್ಚಿನ ಲಾಭವಿಲ್ಲ. ಇಟ್ಟಿಗೆಗೆ ಬಿತ್ತೋ ಸಂದಿಗೆ ಬಿತ್ತೋ ಎಂದು ಕೇಳಿದ್ದಕ್ಕೆ 'ಗೋಡೆಗೆ ಬಿತ್ತು, ಬಾಬು' ಎಂದ.

ಭಾರ ಪರೀಕ್ಷೆಗೆ ಮೊದಲು ರಬೀಂದ್ರ ರಚನಾವಳಿಯ ಸಂಪುಟಗಳನ್ನೇ ಇಡಬೇಕೆಂದು ಹಟವಾಯಿತು. ಈ ನಗರದಲ್ಲಿ ಶೆಲ್ಫಿನ ಶಕ್ತಿಯನ್ನು ಅಳೆಯುವುದು ಅದರಿಂದಲೇ. ಅದು ತಡೆದ ಮೇಲೆ ಕಿಟ್ಟೆಲ್ ಏರಿತು. ಗೋಡೆ ಅಲುಗಲಿಲ್ಲ. ಮಾಶಿಮಾ ಮಾತ್ರ ತಿಂಗಳುಗಟ್ಟಲೆ, ಕಿಟಕಿಯ ಬಲಭಾಗ ಸ್ವರ ಬಿಟ್ಟಿದೆ ಎನ್ನುತ್ತಿದ್ದರು.

ಅಷ್ಟರಲ್ಲಿ ಪ್ರಮೋಟರು ಬಂದ. ಬೇರೆ ಊರಿನಲ್ಲಿ ಬಿಲ್ಡರ್ ಎನ್ನುತ್ತಾರೆ. ಹಳೇ ಮನೆ ಕೆಡವಿ, ಮಹಡಿಗಳ ಮೇಲೆ ಮಹಡಿ ಹಾಕಿ, ಮಾಲೀಕರಿಗೆ ಇಷ್ಟು ಫ್ಲ್ಯಾಟು, ಬಾಡಿಗೆದಾರನಿಗೆ ಕೈಗಿಷ್ಟು ಕಾಸು ಎಂದು ಹಂಚಿಕೊಡುವವನು. ಅವನು ತಂದ ಕಾಗದಕ್ಕೆ ನ್ಯೂಜೆರ್ಸಿಯಿಂದ ಪವರ್ ಆಫ್ ಅಟಾರ್ನಿ ಆ ವಾರವೇ ಬಂತು. ಜತೆಗೆ ಬಂದ ಪತ್ರ ಒಂದೇ ಸಾಲಿನದು, ಕಾರ್ ಪಾರ್ಕಿಂಗ್ ಮುಚ್ಚಿದ್ದೋ ತೆರೆದದ್ದೋ ಎಂಬ ವಿಚಾರಣೆ. ಮಣ್ಣು ಪರೀಕ್ಷೆಗೆಂದು ಅಂಗಳದಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಂತಿತು. ಅದರ ಕ್ರಮ ಹೀಗೆ: 63.5 ಕಿಲೋ ತೂಕದ ಗುಂಡನ್ನು 75 ಸೆಂಟಿಮೀಟರ್ ಮೇಲಕ್ಕೆತ್ತಿ ಬಿಡುವುದು, ಕೊಳವೆ ಗೊತ್ತುಮಾಡಿದ ಆಳಕ್ಕೆ ಇಳಿಯುವವರೆಗೆ ಹೊಡೆತ ಎಣಿಸುವುದು, ಮತ್ತೆ ಎತ್ತುವುದು. ಇದು ನಡೆದದ್ದು ಮಧ್ಯಾಹ್ನ ಎರಡೂವರೆಗೆ. ಪಾತ್ರೆಗಳು ಗಲಗಲ ಎಂದವು. ಭಾತ್‌ಘುಮ್‌ನಿಂದ ಯಾರೂ ಏಳಲಿಲ್ಲ. ಎಚ್ಚರವಿದ್ದ ಮಾಶಿಮಾ ಕೆಲಸದ ಹುಡುಗರಿಗೆ ನಿಂಬೆ ಶರಬತ್ತು ಕಳಿಸಿದರು. ಇದು ಯಾವ ಸ್ವರ ಎಂದು ನಾನು ಕೇಳಿದ್ದಕ್ಕೆ, 'ಶುದ್ಧ ಷಡ್ಜ' ಎಂದರು.

ಕೆಡವುವ ಕೆಲಸ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಖೊಡ್‌ಖೊಡಿ ಕಿಟಕಿ, ಬರ್ಮಾ ತೇಗದ ತೊಲೆಗಳು ಮೊದಲು ಹೊರಟವು. ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಗಾರೆ ಕೆರೆದು ಪೇರಿಸುತ್ತಾರೆ. ಇಡೀ ಇಟ್ಟಿಗೆಗೆ ಬೆಲೆ, ಮುರಿದ 'ಆಧ್‌ಲಾ'ಗೆ ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ಯಾರದೋ ಕೆರೆ ತುಂಬಲು. ನಾವು ಆಗಲೇ ಎರಡು ಬೀದಿ ಆಚೆಗೆ ಮನೆ ಬದಲಿಸಿದ್ದೆವು. ಆದರೂ ನಮ್ಮ ಕೋಣೆಯ ಗೋಡೆಯ ಸರದಿ ಬಂದ ದಿನ ಎರಡೂ ಪಂಥದವರು ರಸ್ತೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆವು. ಎಷ್ಟೋ ಕಾಲ ಪ್ಲಾಸ್ಟರಿನ ಹಿಂದೆ ಅಡಗಿದ್ದ ಸತ್ಯ ಹೊರಬೀಳಲಿತ್ತು. ಗೋಡೆಯೇ ಇಲ್ಲದಂತಾದರೆ ಮಾತ್ರ ಇತ್ಯರ್ಥವಾಗುವ ಪ್ರಶ್ನೆ ಎಂದು ಮೊದಲೇ ತಿಳಿದಿದ್ದರೆ ಅಷ್ಟು ಚಹಾ ಕುಡಿಯಬೇಕಿರಲಿಲ್ಲ ಎಂದರು ಪ್ರೊಫೆಸರು. ಪ್ಲಾಸ್ಟರು ಹಾಳೆ ಹಾಳೆಯಾಗಿ ಬಿತ್ತು. ಎರಡು ತೂತು ಇಟ್ಟಿಗೆಯಲ್ಲಿದ್ದವು. ಒಂದು ಸಂದಿನಲ್ಲಿತ್ತು. ಗೋಣಿಯೆಳೆ ಸುತ್ತಿದ ನಾಲ್ಕನೆಯದು ಅರ್ಧ ಇಟ್ಟಿಗೆಗೆ, ಅರ್ಧ ಸಂದಿಗೆ. ಎರಡೂ ಪಂಥ ಗೆದ್ದೆವೆಂದು ಘೋಷಿಸಿದವು. ಮೇಶೋಮಶಾಯ್ ನಡಾವಳಿ ಬರೆದುಕೊಂಡರು.

ಅಡ್ವಾನ್ಸು ವಾಪಸು ಕೊಡುವಾಗ ದೊಡ್ಡವರು ಷರತ್ತಿನಂತೆ ಎರಡೂವರೆ ಇಟ್ಟಿಗೆಯ ಬೆಲೆ ಮುರಿದುಕೊಂಡರು. ಎರಡರ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕನೆಯ ತೂತಿನ ಇಟ್ಟಿಗೆಯನ್ನು ಗುತ್ತಿಗೆದಾರ ಇಡಿಯಾಗಿಯೇ ಎಣಿಸಿಕೊಂಡು, ಇಡೀ ಬೆಲೆ ಕೊಟ್ಟು ಲಾರಿಗೆ ಹೇರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಅರ್ಧ ಇಟ್ಟಿಗೆಯ ಬಾಬ್ತು ಪತ್ರ ಬರೆದಿದ್ದೇನೆ. ಮೂರನೇ ಒಂದು ಪಾಲು ಕಿರಿಯವನದಾದ್ದರಿಂದ ಅವನನ್ನು ಕೇಳಬೇಕು ಎಂದಿದ್ದಾರೆ. ನ್ಯೂಜೆರ್ಸಿಯಿಂದ ಇನ್ನೂ ಉತ್ತರ ಬಂದಿಲ್ಲ.